ಬೇಡುವವನನ್ನು ತಡೆಯುವ ಮುನ್ನ

ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವವರು ನೀವಾಗಿದ್ದರೆ, ಬಂಗಾರಪೇಟೆ ಜಂಕ್ಷನ್ನಿನಲ್ಲಿ ಕೈಚಾಚುವ ವೃದ್ಧರನ್ನು ಕಂಡಿರುತ್ತೀರಿ. ಕೆಲವರು ಕೆಮ್ಮುತ್ತಲೇ ಬೇಡುತ್ತಾರೆ. ರೈಲಿನಲ್ಲಿ, ನಿಲ್ದಾಣದಲ್ಲಿ ಬೇಡಲು 1989ರ ರೈಲ್ವೆ ಕಾಯ್ದೆ ಅವಕಾಶ ಕೊಡುವುದಿಲ್ಲ. ಹೊರಗೆ ಬೀದಿಗೆ ಬಂದರೆ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಮಸೀದಿ, ಮಂದಿರಗಳ ಬಾಗಿಲೂ ಅದರ ವ್ಯಾಪ್ತಿಗೆ ಸೇರಿದೆ. ಹಾಗಾದರೆ ಹಸಿದವನು ಎಲ್ಲಿ ನಿಂತು ಕೇಳಬೇಕು?

ಕಾನೂನನ್ನು ಸುಮ್ಮನೆ ಹಳಿಯುವುದು ಸರಿಯಲ್ಲ. ಬೇಡಿ ಬದುಕುವುದನ್ನು ಇಸ್ಲಾಮ್ ಕೂಡ ಮೆಚ್ಚುವುದಿಲ್ಲ. ಯಾಚಿಸಲು ಬಂದ ಅನ್ಸಾರಿಯೊಬ್ಬರ ಹೊದಿಕೆಯನ್ನೂ ನೀರಿನ ಬಟ್ಟಲನ್ನೂ ಪ್ರವಾದಿವರ್ಯರು(ಸ) ಎರಡು ದಿರ್ಹಮಿಗೆ ಮಾರಿಸಿ, ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ ತರಿಸಿ, ಸೌದೆ ಕಡಿಯಲು ಕಳುಹಿಸಿದ ಘಟನೆ ನಿಮಗೆ ಗೊತ್ತು. ಬೇಡುವವರಿಗೆ ಬುದ್ಧಿ ಹೇಳಲು ನಾವು ಇದನ್ನು ಮತ್ತೆ ಮತ್ತೆ ಹೇಳುತ್ತೇವೆ. ಆ ಕೊಡಲಿಗೆ ಹಿಡಿ ಹಾಕಿಕೊಟ್ಟದ್ದು ಪ್ರವಾದಿವರ್ಯರ(ಸ) ಕೈಯೇ ಎಂಬುದನ್ನು ಮಾತ್ರ ಮರೆತುಬಿಡುತ್ತೇವೆ.

ಕೊಡಲಿ ಎತ್ತಲಾಗದವನ ಗತಿಯೇನು? ಖಲೀಫಾ ಉಮರ್(ರ) ಒಮ್ಮೆ ದೃಷ್ಟಿ ಮಂದವಾದ ಯಹೂದಿ ವೃದ್ಧನೊಬ್ಬ ಬೇಡುವುದನ್ನು ಕಂಡರು. ಗದರಿಸಲಿಲ್ಲ. ಮನೆಗೆ ಕರೆದೊಯ್ದು ಕೈಲಾದದ್ದನ್ನು ಕೊಟ್ಟು, ಬೈತುಲ್ ಮಾಲ್‌ನ ಅಧಿಕಾರಿಗೆ ಹೇಳಿಕಳುಹಿಸಿದರು. ಇವನ ಯೌವನದ ದುಡಿಮೆಯನ್ನು ಉಂಡು ಮುಪ್ಪಿನಲ್ಲಿ ಕೈಬಿಟ್ಟರೆ ಅದು ನ್ಯಾಯವಲ್ಲ ಎಂಬುದು ಅವರ ಮಾತಿನ ಸಾರ. ಇಮಾಮ್ ಅಬೂ ಯೂಸುಫ್ ಇದನ್ನು 'ಕಿತಾಬುಲ್ ಖರಾಜ್'ನಲ್ಲಿ ದಾಖಲಿಸಿದ್ದಾರೆ.

ಕೆ.ಜಿ.ಎಫ್.ನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕೇ? ಚಾಂಪಿಯನ್ ರೀಫ್‌ನ ಗಣಿ 3 ಕಿಲೋಮೀಟರಿಗಿಂತಲೂ ಆಳಕ್ಕಿಳಿದಿತ್ತು. ಅಲ್ಲಿನ ಬಂಡೆಯ ಧೂಳು ಎಷ್ಟೋ ಕಾರ್ಮಿಕರ ಶ್ವಾಸಕೋಶದಲ್ಲಿ ಉಳಿಯಿತು, ಚಿನ್ನ ಹೊರಗೆ ಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದು ನಲವತ್ತರವರಾಗಿದ್ದವರು ಇಂದು ಅರವತ್ತು ದಾಟಿದ್ದಾರೆ. ಅವರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ದಲಿತರು. ಉಮರ್(ರ) ಆ ವೃದ್ಧನ ಧರ್ಮ ಯಾವುದೆಂದು ಕೇಳಿದ್ದು ನಿಜ, ಆದರೆ ಉತ್ತರ ಕೇಳಿ ಕೈ ಹಿಂತೆಗೆಯಲಿಲ್ಲ.

ನಮ್ಮ ಕಾಯ್ದೆಯಲ್ಲೂ ಕೊಡುವವರ ಹೊಣೆ ಇದೆ. ಆಸ್ತಿ ತೆರಿಗೆಯ ಮೇಲೆ ಶೇಕಡಾ 3ರಷ್ಟು ಭಿಕ್ಷುಕರ ಕರವನ್ನು ನೀವು ಕಟ್ಟುತ್ತೀರಿ. ಹಿಡಿದು ತಂದವರನ್ನು ಇಡಲು ನಿರಾಶ್ರಿತರ ಪರಿಹಾರ ಕೇಂದ್ರಗಳಿವೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತರು. ಕರ ಕಟ್ಟಿದ ರಸೀದಿ ನಮ್ಮ ಕೈಯಲ್ಲಿತ್ತು, ಮನಸ್ಸು ನಿರಾಳವಾಗಿತ್ತು. ಬಡತನದಿಂದ ಬೇಡುವುದನ್ನು ಅಪರಾಧವೆನ್ನಲಾಗದೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಅಲ್ಲಿನ ಕಾನೂನಿನ ಹಲವು ಕಲಂಗಳನ್ನು ರದ್ದುಪಡಿಸಿತು. ಆ ತೀರ್ಪು ದೆಹಲಿಯ ಮಟ್ಟಿಗೆ.

ಇಲ್ಲಿನ ಮಸೀದಿಯೊಂದರ ಕಮಿಟಿ ಬಾಗಿಲಲ್ಲಿ ಬೇಡಬಾರದೆಂದು ಫಲಕ ಹಾಕಬೇಕೆಂದಾಗ ನಾನೂ ತಲೆಯಾಡಿಸಿದ್ದೆ. ಜುಮಾ ದಿನ ದಾರಿಗೆ ಅಡ್ಡವಾಗುತ್ತಾರೆ ಎಂಬುದು ಕಾರಣ. ಅದೇ ಜುಮಾದಲ್ಲಿ ದೂರದ ಮದ್ರಸಾದವರೊಬ್ಬರು ರಸೀದಿ ಪುಸ್ತಕ ಹಿಡಿದು ಬಂದರು. ಅವರಿಗೆ ಮೊದಲ ಸಾಲಿನಲ್ಲಿ ಜಾಗ ಸಿಕ್ಕಿತು. ಮೆಟ್ಟಿಲ ಮೇಲಿದ್ದ ಮುದುಕ ರಸ್ತೆಯಾಚೆ ಹೋಗಿ ಕುಳಿತ. ಅವನ ಬಳಿ ರಸೀದಿ ಇರಲಿಲ್ಲ.

ಆಮೇಲೆ ಖಜಾಂಚಿಯವರನ್ನು ಕೇಳಿದೆ: ನಮ್ಮ ಮೊಹಲ್ಲಾದ ಸುತ್ತ ದುಡಿಯಲಾಗದ ಹಳೆಯ ಗಣಿ ಕಾರ್ಮಿಕರ ಮನೆಗಳೆಷ್ಟು? ಅವರು ಎರಡು ಹೆಸರು ಬರೆದು ಪೆನ್ನು ಕೆಳಗಿಟ್ಟರು. ಉಳಿದವನ್ನು ಹೋಗಿ ನೋಡಿ ಬರಬೇಕು, ಬರುವ ಭಾನುವಾರ ನೀವೂ ಬನ್ನಿ ಎಂದರು.