ಸೈಕಲ್ಲಿನಿಂದ ಇಳಿಸುವವರು ಯಾರು?

ಇಂದಿನ ಧಮ್ಮ ಚಿಂತನೆ



ಇವತ್ತು ಯಾವ ಸುತ್ತದ ವ್ಯಾಖ್ಯಾನವನ್ನೂ ಕಳಿಸುತ್ತಿಲ್ಲ. ನಾನು ಮಾಡಿದ ಒಂದು ತಪ್ಪನ್ನು ಹೇಳಿಕೊಂಡು, ಅದರಿಂದ ಎದ್ದ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಓದಿ. ಭಾನುವಾರ ವಿಹಾರದಲ್ಲಿ ಸೇರಿದಾಗ ನಿಮ್ಮ ಮಾತನ್ನೂ ಹೇಳಿ.

ಜನವರಿ ತಿಂಗಳು. ನಮ್ಮ ಪ್ರೌಢಶಾಲೆಯಲ್ಲಿ ರಸ್ತೆ ಸುರಕ್ಷತಾ ಜಾಥಾ ಇತ್ತು. ಮಕ್ಕಳ ಕೈಗೆ ಫಲಕ ಕೊಟ್ಟು ಘೋಷಣೆ ಕೂಗಿಸುವ ಹೊಣೆ ಕನ್ನಡ ಮೇಷ್ಟ್ರಾದ ನನ್ನದು. ಹಿಂದಿನ ರಾತ್ರಿ ಕೂತು ಘೋಷಣೆಗಳನ್ನೂ ನಾನೇ ಬರೆದಿದ್ದೆ. ಬೆಳಿಗ್ಗೆ ಮನೆ ಬಿಡುವಾಗ ಇಪ್ಪತ್ತು ನಿಮಿಷ ತಡವಾಗಿತ್ತು. ಚಾಮರಾಜನಗರದಿಂದ ಸಂತೇಮರಹಳ್ಳಿ ಕಡೆಗೆ ಹೋಗುವ ರಸ್ತೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಸಾಲ ಮಾಡಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಆ ರಸ್ತೆಯಲ್ಲಿ ಹೊರಟಿದ್ದೆ.

ಮುಂದೆ ಒಬ್ಬ ಹಿರಿಯರು ಸೈಕಲ್ಲಿನ ಕ್ಯಾರಿಯರ್ ಮೇಲೆ ಹಸಿಹುಲ್ಲಿನ ಹೊರೆ ಕಟ್ಟಿಕೊಂಡು ನಿಧಾನವಾಗಿ ತುಳಿಯುತ್ತಿದ್ದರು. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ಅರ್ಧ ನಿಮಿಷ ಕಾದಿದ್ದರೆ ಟ್ರ್ಯಾಕ್ಟರ್ ದಾಟಿ ಹೋಗುತ್ತಿತ್ತು. ನಾನು ಕಾಯಲಿಲ್ಲ. ಹಾರ್ನ್ ಒತ್ತಿದೆ. ಮತ್ತೆ ಒತ್ತಿದೆ. ಮೂರನೆಯ ಸಲ ಒತ್ತಿದ ಕೈ ತೆಗೆಯಲೇ ಇಲ್ಲ. ಅವರು ಗಾಬರಿಯಾಗಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದರು. ಅಲ್ಲಿ ಡಾಂಬರಿನ ಅಂಚಿಗೂ ಪಕ್ಕದ ಮಣ್ಣಿಗೂ ಗೇಣುದ್ದದ ಇಳಿತ. ಮುಂದಿನ ಚಕ್ರ ತಿರುಚಿಕೊಂಡು, ಹೊರೆಯ ಸಮೇತ ಅವರು ಬಿದ್ದರು.

ಕಾರು ನಿಲ್ಲಿಸಿ ಓಡಿದೆ. ಮೊಣಕೈ ತರಚಿತ್ತು, ದೊಡ್ಡ ಪೆಟ್ಟೇನೂ ಆಗಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ಪಂಚೆಯ ಮಣ್ಣು ಕೊಡವಿಕೊಳ್ಳುತ್ತಾ ಅಂದರು: "ತಪ್ಪಾಯ್ತು ಬುದ್ಧಿ. ಕಿವಿ ಸರ್ಯಾಗಿ ಕೇಳದಿಲ್ಲ."

ಬಂಧುಗಳೇ, ನಮ್ಮ ಸೀಮೆಯಲ್ಲಿ "ಬುದ್ಧಿ" ಎಂದು ಯಾರು ಯಾರನ್ನು ಕರೆಯುತ್ತಿದ್ದರು ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ನನ್ನ ಅಪ್ಪ ಜಮೀನಿನ ಒಡೆಯರ ಜಗುಲಿಯ ಕೆಳಗೆ ನಿಂತು, ಟವೆಲ್ ಕಂಕುಳಿಗೆ ಸಿಕ್ಕಿಸಿಕೊಂಡು ಹೇಳುತ್ತಿದ್ದ ಮಾತು ಅದು. ತಪ್ಪು ನನ್ನದು, ಬಿದ್ದವರು ಅವರು, ಕ್ಷಮೆ ಕೇಳುತ್ತಿದ್ದವರೂ ಅವರೇ.

ನನಗೆ ಆರೇಳು ವರ್ಷವಿದ್ದಾಗ ಅಪ್ಪ ಹಳೆಯ ಸೈಕಲ್ಲೊಂದನ್ನು ಕೊಂಡಿದ್ದ. ನಮ್ಮ ಕೇರಿಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಹೋಗಲು ಊರೊಳಗಿನ ಬೀದಿಯನ್ನು ದಾಟಬೇಕಿತ್ತು. ನನ್ನನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ತುಳಿಯುತ್ತಿದ್ದವನು ಆ ಬೀದಿಯ ಬಾಯಿ ಬಂದ ಕೂಡಲೇ ಇಳಿಯುತ್ತಿದ್ದ, ನನ್ನನ್ನೂ ಇಳಿಸುತ್ತಿದ್ದ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಸೈಕಲ್ ತಳ್ಳಿಕೊಂಡು ಬೀದಿ ದಾಟಿ, ಆಮೇಲೆ ಮತ್ತೆ ಹತ್ತುತ್ತಿದ್ದ. ಒಂದು ದಿನ "ಯಾಕಪ್ಪ ಇಳೀಬೇಕು?" ಎಂದು ಕೇಳಿದೆ. "ಕಾಲು ಜೋಂಪು ಹಿಡೀತದ ಮಗ, ಒಸಿ ನಡಿಯಮ" ಅಂದ. ಅದು ಸುಳ್ಳು ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಯಾರೂ ಅಪ್ಪನ ರಟ್ಟೆ ಹಿಡಿದು ಇಳಿಸಿದ್ದನ್ನು ನಾನು ನೋಡಿಲ್ಲ. ಜಗುಲಿಯ ಮೇಲಿನ ನೋಟವೇ ಸಾಕಾಗುತ್ತಿತ್ತು. ಅಂದು ಆ ನೋಟ ಮಾಡುತ್ತಿದ್ದ ಕೆಲಸವನ್ನು ಇಂದು ನನ್ನ ಹಾರ್ನ್ ಮಾಡಿತು. ಇಳಿ, ಈ ದಾರಿ ನನ್ನದು ಎಂದಿತು.

ಇನ್ನೂ ಒಂದು ಮಾತನ್ನು ಮುಚ್ಚಿಡಬಾರದು. ಅವರನ್ನು ಎಬ್ಬಿಸಿ, ಹುಲ್ಲಿನ ಹೊರೆಯನ್ನು ಮತ್ತೆ ಕಟ್ಟಿಕೊಡುವಾಗ ಅವರು ಯಾವ ಜನ ಎಂದು ತಿಳಿಯುವ ಆಸೆ ನನ್ನ ಮನಸ್ಸಿನಲ್ಲಿ ಹಾದುಹೋಯಿತು. ನಾನು ಕೇಳಲಿಲ್ಲ. ಆದರೆ ಆಸೆ ಬಂದದ್ದು ನಿಜ. ಅವರು ನಮ್ಮವರಾಗಿದ್ದರೆ ನನ್ನ ನಾಚಿಕೆ ಹೆಚ್ಚುತ್ತಿತ್ತೇ? ಅಪ್ಪನನ್ನು ಇಳಿಸಿದ ಬೀದಿಯವರೇ ಆಗಿದ್ದರೆ ಕಡಿಮೆಯಾಗುತ್ತಿತ್ತೇ? ಹಾಗೆ ಕಡಿಮೆಯಾಗುವ ನಾಚಿಕೆಯಾದರೆ ಅದು ಶೀಲದಿಂದ ಬಂದದ್ದಲ್ಲ, ಹಳೆಯ ಲೆಕ್ಕದಿಂದ ಬಂದದ್ದು. ಬಿದ್ದವರ ಮೊಣಕೈಗೆ ಜಾತಿ ಇರಲಿಲ್ಲ. ಲೆಕ್ಕ ಹಾಕಿದ್ದು ನನ್ನ ಮನಸ್ಸು.

ಶಾಲೆ ತಲುಪಿದೆ. ಜಾಥಾ ಹೊರಟಿತು. ಎಡಬದಿಯಲ್ಲೇ ಸಾಗಿ, ಹೆಲ್ಮೆಟ್ ಧರಿಸಿ, ಅವಸರ ಬೇಡ ಎಂದು ಮಕ್ಕಳು ಕೂಗಿದರು. ಜಾಥಾ ಮುಗಿದ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಂದು ನಿಂತಳು. ದಿನಾ ಐದು ಕಿಲೋಮೀಟರ್ ಸೈಕಲ್ ತುಳಿದು ಬರುವವಳು. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿತ್ತಲ್ಲ, ಅದು ಕೊರೊನಾ ಕಾಲದಲ್ಲಿ ನಿಂತಿತು. ಇವಳದು ಅಕ್ಕನಿಗೆ ಬಂದಿದ್ದ ಸೈಕಲ್.

"ಸಾರ್, ಹುಷಾರಾಗಿ ಹೋಗಿ ಅಂತ ನಮಗೇ ಹೇಳ್ತೀರ. ಕಾರಿನವರಿಗೆ ಯಾರು ಸಾರ್ ಹೇಳೋದು?"

ನನ್ನ ಹತ್ತಿರ ಉತ್ತರವಿರಲಿಲ್ಲ. ನಾನು ಬರೆದ ಘೋಷಣೆಗಳ ಪಟ್ಟಿಯನ್ನು ಮತ್ತೆ ನೋಡಿದೆ. ಹೆಚ್ಚಿನವು ಪೆಟ್ಟು ತಿನ್ನುವವರಿಗೆ ಹೇಳಿದ ಬುದ್ಧಿಮಾತುಗಳು. ಪೆಟ್ಟು ಕೊಡುವ ಬಲವಿರುವವರಿಗೆ ಹೇಳಿದ್ದು ಒಂದೋ ಎರಡೋ.

ನಮ್ಮ ದೇಶದಲ್ಲಿ ರಸ್ತೆ ಸುರಕ್ಷತಾ ಸಪ್ತಾಹಗಳು 1989ರಿಂದ ನಡೆಯುತ್ತಿವೆ. 2021ರಲ್ಲಿ ಸಪ್ತಾಹವನ್ನು ಮಾಸಾಚರಣೆಯನ್ನಾಗಿ ಮಾಡಿದರು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ನೇ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಮಂದಿ ಬರೀ ನಡೆದುಹೋಗುತ್ತಿದ್ದವರು. ಒಟ್ಟು ಸಾವುಗಳಲ್ಲಿ ಹತ್ತರಲ್ಲಿ ಏಳಕ್ಕೆ ಅತಿವೇಗವೇ ಕಾರಣ ಎನ್ನುತ್ತದೆ ಅದೇ ವರದಿ. ನಮ್ಮ ವಿಜ್ಞಾನದ ಮೇಷ್ಟ್ರು ಮಕ್ಕಳಿಗೆ ಲೆಕ್ಕ ಹಾಕಿ ತೋರಿಸಿದರು: ಗಾಡಿಯ ವೇಗ 30ರಿಂದ 60 ಕಿಲೋಮೀಟರಿಗೆ ಏರಿದರೆ ಅದರ ಚಲನಶಕ್ತಿ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ನಾನು ಉಳಿಸಿಕೊಳ್ಳುವ ಎರಡು ನಿಮಿಷಕ್ಕೆ ಸೈಕಲ್ಲಿನವರು ತಮ್ಮ ಮೈಯನ್ನು ಒಡ್ಡಿಕೊಳ್ಳಬೇಕು.

ಸೈಕಲ್ಲಿನವರದೂ ತಪ್ಪಿರುತ್ತದೆ ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಖಂಡಿತ ಇರುತ್ತದೆ. ಕತ್ತಲಲ್ಲಿ ದೀಪವಿಲ್ಲದೆ ಬರುತ್ತಾರೆ. ಮಕ್ಕಳು ಮೂವರು ಜೊತೆಜೊತೆಯಾಗಿ ಮಾತಾಡಿಕೊಂಡು ತುಳಿಯುತ್ತಾರೆ. ಹಿಂದೆ ನೋಡದೆ ಬಲಕ್ಕೆ ತಿರುಗಿಬಿಡುತ್ತಾರೆ. ಲಾರಿ ಓಡಿಸುವ ನಮ್ಮ ಬಂಧುಗಳಿಗೆ ಮಾಲೀಕರ ಒತ್ತಡವಿದೆ, ನಿದ್ದೆಯಿಲ್ಲ, ಅದೂ ನಿಜ. ಎಚ್ಚರ ಎಲ್ಲರಿಗೂ ಬೇಕು. ಭಗವಾನರು ಪರಿನಿಬ್ಬಾಣಕ್ಕೆ ಮುಂಚೆ ಕೊನೆಯದಾಗಿ ಹೇಳಿದ್ದು ಅಪ್ಪಮಾದದ ಮಾತನ್ನೇ, ಅಂದರೆ ಮೈಮರೆಯದೆ ಇರುವುದನ್ನು. ಆದರೆ ಸೈಕಲ್ಲಿನವರು ಮೈಮರೆತರೆ ಹೋಗುವುದು ಬಹುಮಟ್ಟಿಗೆ ಅವರದೇ ಪ್ರಾಣ. ನಾನು ಮೈಮರೆತರೆ ಹೋಗುವುದು ಇನ್ನೊಬ್ಬರ ಪ್ರಾಣ. ಇಬ್ಬರಿಗೂ ಒಂದೇ ತೂಕದ ಉಪದೇಶ ಕೊಟ್ಟು ಅದನ್ನು ಸಮಾನತೆ ಎನ್ನಲಾಗದು. ಬಲ ಎಲ್ಲಿ ಹೆಚ್ಚಿದೆಯೋ ಹೊಣೆಯೂ ಅಲ್ಲಿ ಹೆಚ್ಚಿರಬೇಕು.

ನಮ್ಮ ರಸ್ತೆಗಳನ್ನೊಮ್ಮೆ ನೋಡಿ. ಲಾರಿಯವನು ಕಾರನ್ನು ಅಂಚಿಗೆ ತಳ್ಳುತ್ತಾನೆ. ಕಾರಿನವನು ಬೈಕನ್ನು ತಳ್ಳುತ್ತಾನೆ. ಬೈಕಿನವನು ಸೈಕಲ್ಲನ್ನು ತಳ್ಳುತ್ತಾನೆ. ಸೈಕಲ್ಲಿನವನು ನಡೆಯುವವರಿಗೆ ಬೆಲ್ ಹೊಡೆಯುತ್ತಾನೆ. ಪ್ರತಿಯೊಬ್ಬನಿಗೂ ಮೇಲಿನವನ ಮೇಲೆ ಸಿಟ್ಟು, ಕೆಳಗಿನವನ ಮೇಲೆ ತಾತ್ಸಾರ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಯಾವುದನ್ನು ಕರೆದರೋ ಅದು ಹೇಗೆ ಉಳಿದುಕೊಳ್ಳುತ್ತದೆ ಎಂಬುದು ನನಗೆ ಪುಸ್ತಕಕ್ಕಿಂತ ಸ್ಪಷ್ಟವಾಗಿ ಈ ರಸ್ತೆಯಲ್ಲಿ ಕಂಡಿತು. ಜಾತಿಯೂ ಗಾಡಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಗಾಡಿಯಿಂದ ಇಳಿಯಬಹುದು, ಜಾತಿಯಿಂದ ಇಳಿಯಲು ನಮ್ಮನ್ನು ಬಿಡಲಿಲ್ಲ. ಆದರೆ ತುಳಿಸಿಕೊಂಡವನು ಒಂದು ಮೆಟ್ಟಿಲು ಹತ್ತಿದ ಕೂಡಲೇ ತುಳಿಯುವುದನ್ನು ಕಲಿಯುವ ರೀತಿ ಎರಡು ಕಡೆಯೂ ಒಂದೇ. ಅದನ್ನು ನಾನು ನನ್ನಲ್ಲೇ ನೋಡಿದೆ.

ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಖಂಡವನ್ನು ನಾವು ಬಾವಿ, ಕೆರೆ, ಹೋಟೆಲುಗಳ ವಿಚಾರದಲ್ಲಿ ನೆನೆಯುತ್ತೇವೆ. ಅದೇ ಸಾಲಿನಲ್ಲಿ ರಸ್ತೆ ಎಂಬ ಪದವೂ ಇದೆ. ಜಾತಿ, ಧರ್ಮ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ಸಾರ್ವಜನಿಕ ರಸ್ತೆಯಿಂದ ತಡೆಯುವಂತಿಲ್ಲ. ಅಪ್ಪ ಸೈಕಲ್ಲಿನಿಂದ ಇಳಿಯುತ್ತಿದ್ದ ಕಾಲಕ್ಕೆ ಆ ವಿಧಿ ಜಾರಿಗೆ ಬಂದು ಮೂವತ್ತೈದು ವರ್ಷ ದಾಟಿತ್ತು. ಮಹಾಡಿನಲ್ಲಿಯೂ ಹಾಗೆಯೇ ಆಗಿತ್ತು. 1923ರಲ್ಲಿ ಮುಂಬಯಿ ಶಾಸನಸಭೆ ನಿರ್ಣಯ ಮಾಡಿತು, 1924ರಲ್ಲಿ ಮಹಾಡ್ ಪುರಸಭೆ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಎಂದಿತು. ನಿರ್ಣಯ ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ನಡೆದುಹೋಗಿ ಬೊಗಸೆಯಲ್ಲಿ ನೀರು ಕುಡಿಯಬೇಕಾಯಿತು. ವಾಹನ ಚಾಲನೆಯ 2017ರ ನಿಯಮಾವಳಿಯಲ್ಲೂ ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರ ಬಗ್ಗೆ ಚಾಲಕರು ವಿಶೇಷ ಎಚ್ಚರ ವಹಿಸಬೇಕು ಎಂದಿದೆ. ಲೈಸೆನ್ಸ್ ಇರುವ ನಮ್ಮಲ್ಲಿ ಎಷ್ಟು ಜನ ಅದನ್ನು ಓದಿದ್ದೇವೆ?

ಬುದ್ಧರು ಅಹಿಂಸೆಯನ್ನು ನಿಯಮವಾಗಿ ಕೊಡಲಿಲ್ಲ, ತತ್ವವಾಗಿ ಕೊಟ್ಟರು ಎಂದು ಬಾಬಾಸಾಹೇಬರು ಬುದ್ಧ ಮತ್ತು ಅವರ ಧಮ್ಮದಲ್ಲಿ ವಿವರಿಸುತ್ತಾರೆ. ನಿಯಮವನ್ನು ಪಾಲಿಸುತ್ತೇವೆ ಇಲ್ಲವೇ ಮುರಿಯುತ್ತೇವೆ, ಅಲ್ಲಿಗೆ ಮುಗಿಯಿತು. ತತ್ವ ಹಾಗಲ್ಲ, ಅದು ಪ್ರತಿ ಸಲವೂ ಯೋಚಿಸು ಎನ್ನುತ್ತದೆ. ಅಂದು ಸಂಚಾರಿ ನಿಯಮ ಮುರಿಯುತ್ತಿದ್ದೇನೆ ಎಂದು ನನಗೆ ಅನ್ನಿಸಿರಲಿಲ್ಲ. ಸಿಗ್ನಲ್ ದಾಟಲಿಲ್ಲ, ಬೆಲ್ಟ್ ಹಾಕಿದ್ದೆ, ಕುಡಿದಿರಲಿಲ್ಲ.  ಆದರೂ ಪಂಚಶೀಲದ ಮೊದಲ ಶೀಲದ ಗಡಿಯವರೆಗೆ ಹೋಗಿ ಬಂದಿದ್ದೆ. ಕೊಲ್ಲುವ ಮನಸ್ಸು ನನಗಿರಲಿಲ್ಲ. ಮುಂದೆ ಇರುವುದು ಒಂದು ಜೀವ ಎಂದು ನೋಡುವ ಮನಸ್ಸೂ ಇರಲಿಲ್ಲ. ಅವರು ನನ್ನ ಪಾಲಿಗೆ ಒಂದು ಅಡ್ಡಿಯಾಗಿದ್ದರು, ಅಷ್ಟೇ.

ಅಂದಿನಿಂದ ಸೈಕಲ್ ಕಂಡರೆ ವೇಗ ಇಳಿಸುತ್ತೇನೆ, ಹಾರ್ನ್ ಒತ್ತದೆ ಕಾಯುತ್ತೇನೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಚಿಂತನೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಒಂದು ತಿಂಗಳ ಮೇಲೆ ಅದೇ ರಸ್ತೆಯಲ್ಲಿ ಅದೇ ಹಿರಿಯರು ಕಂಡರು. ನಾನು ನಿಧಾನ ಮಾಡಿ, ದೂರ ಬಿಟ್ಟು ಹಿಂದೆಯೇ ಹೋದೆ. ಹಾರ್ನ್ ಒತ್ತಲಿಲ್ಲ. ಎಂಜಿನ್ ಸದ್ದು ಹತ್ತಿರವಾದದ್ದು ಹೇಗೋ ತಿಳಿದು, ಅವರು ತಾವಾಗಿಯೇ ಸೈಕಲ್ಲಿನಿಂದ ಇಳಿದು, ಮಣ್ಣಿಗೆ ಸರಿದು ನಿಂತುಬಿಟ್ಟರು.

ಹಿಂದಿನಿಂದ ಬರುವ ಕಾರು ಯಾರದು, ಅದನ್ನು ಓಡಿಸುವವರ ಮನಸ್ಸಿನಲ್ಲಿ ಮೈತ್ರಿಯಿದೆಯೋ ಅವಸರವಿದೆಯೋ ಅವರ ಬೆನ್ನಿಗೆ ಹೇಗೆ ತಿಳಿಯಬೇಕು? ನಾನೊಬ್ಬ ಒಳ್ಳೆಯವನಾದರೆ ಅವರ ಭಯ ಹೋಗುವುದಿಲ್ಲ. ಒಬ್ಬ ಒಳ್ಳೆಯ ಗೌಡ ಇದ್ದ ಮಾತ್ರಕ್ಕೆ ಅಪ್ಪ ಆ ಬೀದಿಯಲ್ಲಿ ಸೈಕಲ್ ತುಳಿಯಲಾಗಲಿಲ್ಲ. ಮೇಲಿನವರ ಕರುಣೆಯ ಮೇಲೆ ನಿಂತ ನಿರ್ಭಯ ನಿರ್ಭಯವಲ್ಲ. ಅದು ಹಕ್ಕಾಗಬೇಕು. ಅದಕ್ಕೇ ಬಾಬಾಸಾಹೇಬರು ಸಂವಿಧಾನವನ್ನೂ ಕೊಟ್ಟರು, ಧಮ್ಮವನ್ನೂ ಕೊಟ್ಟರು. ಬರೀ ಕಾನೂನು ಇದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಬರೀ ಮನಪರಿವರ್ತನೆ ಇದ್ದರೆ ಅದು ಒಂದು ಕಾರಿನೊಳಗೇ ಉಳಿಯುತ್ತದೆ.

ಆದ್ದರಿಂದ ನಮ್ಮ ಶಾಲೆಯ ಹತ್ತಿರದ ರಸ್ತೆಯ ಅಂಚಿಗೆ ಮಣ್ಣು ತುಂಬಿಸಿ ಸಮ ಮಾಡಬೇಕು, ಶಾಲೆಯ ಎರಡೂ ಕಡೆ ಹಂಪ್ಸ್ ಹಾಕಬೇಕು ಎಂದು ಒಂದು ಮನವಿ ಬರೆದಿದ್ದೇನೆ. ಮೊದಲ ಸಹಿ ಆ ಹುಡುಗಿಯ ತಂದೆಯದು. ಭಾನುವಾರ ವಿಹಾರಕ್ಕೆ ತರುತ್ತೇನೆ. ಕಾರಿರುವ ಬಂಧುಗಳು ಮೊದಲು ಸಹಿ ಹಾಕಬೇಕೆಂದು ನನ್ನ ಕೋರಿಕೆ.

ಇಂದಿನ ಅಭ್ಯಾಸ:

1. ಇವತ್ತು ಗಾಡಿ ಓಡಿಸುವಾಗ ಹಾರ್ನ್ ಮೇಲೆ ಕೈ ಹೋದಾಗಲೆಲ್ಲ ಒಂದು ಉಸಿರು ಎಳೆದು ಬಿಡಿ. ಅಪಾಯ ತಪ್ಪಿಸಲು ಒತ್ತುತ್ತಿದ್ದೇನೆಯೇ, ಯಾರನ್ನಾದರೂ ಇಳಿಸಲು ಒತ್ತುತ್ತಿದ್ದೇನೆಯೇ ಎಂದು ಕೇಳಿಕೊಳ್ಳಿ.

2. ಮನೆಯಲ್ಲಿ ಸೈಕಲ್ ತುಳಿಯುವ ಮಕ್ಕಳಿದ್ದರೆ ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸಿಕೊಡಿ. ಜೊತೆಗೆ, ರಸ್ತೆ ನಿನ್ನದೂ ಹೌದು ಎಂದು ಹೇಳಿಕೊಡಿ.

3. ನಿಮ್ಮ ಮನೆಯ ಹಿರಿಯರನ್ನು ಕೇಳಿ: ಯಾವ ಬೀದಿಯಲ್ಲಿ ಅವರು ಇಳಿದು ನಡೆಯಬೇಕಾಗಿತ್ತು? ಉತ್ತರವನ್ನು ಮಕ್ಕಳ ಮುಂದೆಯೇ ಕೇಳಿ.

ಅಪ್ಪ ಈಗ ಇಲ್ಲ. ನಾನು ಕಾರು ಕೊಳ್ಳುವ ಎರಡು ವರ್ಷ ಮೊದಲೇ ಹೋದ. ಇದ್ದಿದ್ದರೆ ಮೊದಲ ದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಬೀದಿಯಲ್ಲಿ ಹೋಗುತ್ತಿದ್ದೆ. ಎದುರಿಗೆ ಹುಲ್ಲಿನ ಹೊರೆ ಹೊತ್ತ ಸೈಕಲ್ ಬಂದಿದ್ದರೆ "ಒಸಿ ನಿಧಾನ ಮಗ" ಅನ್ನುತ್ತಿದ್ದ. ಅಷ್ಟು ಮಾತ್ರ ನನಗೆ ಖಚಿತ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.