ನಾನು ಹೊಲಿದ ಚೀಲ ಎಲ್ಲಿ?



ಮೇ ತಿಂಗಳ ಬೇಸಿಗೆ ಶಿಬಿರದಲ್ಲಿ ಒಂದು ದಿನವನ್ನು ಪೂರ್ತಿ ಕೈಕೆಲಸಕ್ಕೆಂದೇ ಇಟ್ಟಿದ್ದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡುವ ನಮ್ಮ ಹೊಸೂರು ಕಡೆಯ ಮಕ್ಕಳಿಗೆ ಅಂದು ಸೈಕಲ್ ಟ್ಯೂಬು, ಮುದ್ದೆ ಕೋಲು, ಸೂಜಿ ದಾರಗಳೇ ಪಾಠ. ಸಂಜೆ ತಂದೆತಾಯಂದಿರಿಗಾಗಿ ಪ್ರದರ್ಶನ. ಆ ಸಂಜೆ ಒಂದು ಮಗು ನಮ್ಮನ್ನು ಒಂದು ಪ್ರಶ್ನೆ ಕೇಳಿತು. ಅದಕ್ಕೆ ಉತ್ತರ ಹುಡುಕುತ್ತಾ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಬೆಳಿಗ್ಗೆ ಸೈಕಲ್ ಅಂಗಡಿಯ ಅಣ್ಣ ಪಂಕ್ಚರ್ ಹಾಕುವುದನ್ನು ಒಮ್ಮೆ ಮಾಡಿ ತೋರಿಸಿದರು. ಟ್ಯೂಬಿಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವ ಜಾಗವನ್ನು ಗುರುತು ಮಾಡಬೇಕು. ಒರೆಸಿ, ಉಪ್ಪು ಕಾಗದದಿಂದ ಉಜ್ಜಿ, ಸಲ್ಯೂಷನ್ ಸವರಿ, ಅದು ಆರಿದ ಮೇಲೆ ಪ್ಯಾಚ್ ಒತ್ತಬೇಕು. ಇಷ್ಟು ತೋರಿಸಿ ಅವರು ಕೈಕಟ್ಟಿ ಕುಳಿತರು. ಏಳನೇ ತರಗತಿಯ ಹುಡುಗನೊಬ್ಬನಿಗೆ ಆತುರ. ಸಲ್ಯೂಷನ್ ಹಸಿಯಾಗಿರುವಾಗಲೇ ಪ್ಯಾಚ್ ಒತ್ತಿದ. ನೀರಿಗಿಟ್ಟರೆ ಮತ್ತೆ ಗುಳ್ಳೆ. ಎರಡು ಸಲ ಹೀಗೇ ಆಯಿತು. ನಮ್ಮಲ್ಲೊಬ್ಬರು ತಡೆಯಲಾರದೆ, "ನೀವೇ ಹಾಕ್ಕೊಡಿ ಅಣ್ಣಾ, ಹೊತ್ತಾಗ್ತಿದೆ" ಎಂದರು. "ಆರ್ಲಿ ಬಿಡಿ ಅಕ್ಕ" ಎಂದರೇ ಹೊರತು ಅವರು ಅಲುಗಲಿಲ್ಲ. ಮೂರನೇ ಸಲ ಗಾಳಿ ನಿಂತಿತು.

ಆಮೇಲೆ ಅಡುಗೆ. ಕುದಿಯುವ ಎಸರಿಗೆ ರಾಗಿ ಹಿಟ್ಟು ಹಾಕಿ ಗಂಟಾಗದಂತೆ ತಿರುವುವುದು ಬಲದ ಕೆಲಸ, ಬೆಂಕಿಯ ಕೆಲಸ. ಇಲ್ಲಿ ದೂರ ಕೂತರೆ ಮಗು ಕೈ ಸುಟ್ಟುಕೊಂಡೀತು. ಓದು ಬರಹ ಬಾರದ ನಮ್ಮ ಅಜ್ಜಿಯೊಬ್ಬರು ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದು, ಮುದ್ದೆ ಕೋಲನ್ನು ಮಗುವಿನ ಕೈಗೆ ಕೊಟ್ಟು, ಆ ಕೈಯ ಮೇಲೆ ತಮ್ಮ ಇನ್ನೊಂದು ಕೈಯಿಟ್ಟರು. ಹಿಟ್ಟು ಗಟ್ಟಿಯಾದಾಗ ಆ ಕೈ ಬಿಗಿಯಾಯಿತು, ಮಗುವಿಗೆ ಹದ ಸಿಕ್ಕಾಗ ಸಡಿಲವಾಯಿತು.

ಹೊಲಿಗೆ ನಮ್ಮ ಪಾಲಿಗೆ ಬಂದಿತ್ತು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಹಳೆಯ ಪಂಚೆಯ ತುಂಡಿನಲ್ಲಿ ಕೈಚೀಲ ಹೊಲಿದಿದ್ದಳು. ಹೊಲಿಗೆ ಸೊಟ್ಟಪಟ್ಟ. ಹಿಡಿಗಳಲ್ಲಿ ಒಂದು ಮೇಲೆ, ಒಂದು ಕೆಳಗೆ. ಮಕ್ಕಳು ಊಟಕ್ಕೆ ಹೋದಾಗ ನಾವು ಅದನ್ನು ಬಿಚ್ಚಿ, ಮಿಷಿನ್ನಿನಲ್ಲಿ ನೇರವಾಗಿ ಹೊಲಿದು, ಇಸ್ತ್ರಿ ಮಾಡಿ ಮೇಜಿನ ಮೇಲಿಟ್ಟೆವು. ಪ್ರೀತಿಯಿಂದಲೇ ಮಾಡಿದೆವು. ನಾಲ್ಕು ಜನರ ಎದುರು ಮಗು ನಾಚಿಕೆಪಡಬಾರದು ಎಂಬ ಆಸೆ. ಸಂಜೆ ಎಲ್ಲರೂ ಆ ಚೀಲವನ್ನು ಹೊಗಳಿದರು. ಅವಳ ತಾಯಿ, "ನೀನೇ ಹೊಲಿದ್ಯೇನೆ?" ಎಂದು ಮುಖ ಅರಳಿಸಿ ಕೇಳಿದರು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಮ್ಮ ಬಳಿ ಬಂದು ಮೆಲ್ಲಗೆ ಕೇಳಿದಳು: "ಅಕ್ಕಾ, ನಾನು ಹೊಲಿದ ಚೀಲ ಎಲ್ಲಿ?"

ನಾವು ಮಾಡಿದ್ದು ಸಹಾಯವೇ? ಲೆಕ್ಕ ಹಾಕಿ ನೋಡೋಣ. ಅವಳ ಕೆಲಸ ಹೋಯಿತು. ತಪ್ಪನ್ನು ತಾನೇ ಕಂಡು ತಾನೇ ತಿದ್ದುವ ಅವಕಾಶವೂ ಹೋಯಿತು. ಬದಲಿಗೆ ಸಿಕ್ಕಿದ್ದು ತನಗೆ ಸಲ್ಲದ ಹೊಗಳಿಕೆ. ಹೌದೆಂದರೆ ಸುಳ್ಳು, ಅಲ್ಲವೆಂದರೆ ಅಕ್ಕಂದಿರಿಗೆ ಅವಮಾನ. ಅಷ್ಟು ಸಣ್ಣ ಮಗುವನ್ನು ಅಂಥ ಇಕ್ಕಟ್ಟಿಗೆ ಸಿಲುಕಿಸಿದವರು ನಾವು.

ಸಣ್ಣ ಗುಂಪುಗಳು ತಮ್ಮಿಂದ ತಾವೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆಗಳು ಕಿತ್ತುಕೊಳ್ಳುವುದು ಅನ್ಯಾಯವೆಂದು ಪೋಪ್ ಹನ್ನೊಂದನೆಯ ಪಯಸ್ 1931ರ ತಮ್ಮ ಪರಿಪತ್ರದಲ್ಲಿ ಬೋಧಿಸಿದರು. ಅವರು ಹೇಳಿದ್ದು ರಾಜ್ಯ ಮತ್ತು ಸಮಾಜವನ್ನು ಕುರಿತು. ಅದು ನಮ್ಮ ಹೊಲಿಗೆ ಮೇಜಿಗೂ ಅನ್ವಯಿಸುತ್ತದೆ ಎಂದು ಅಂದು ನಮಗೆ ಹೊಳೆದಿರಲಿಲ್ಲ.

ಹಾಗಾದರೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡುವುದೇ ಸರಿಯೇ? ಅದೂ ಅಲ್ಲ. ಸೈಕಲ್ ಅಣ್ಣ ಕೈಕಟ್ಟಿದ್ದು ತೋರಿಸಿಕೊಟ್ಟ ಮೇಲೆ, ಮತ್ತು ಅವರು ಎದ್ದು ಹೋಗಲಿಲ್ಲ. ಬೆಂಕಿಯ ಮುಂದೆ ಅಜ್ಜಿ ಕೈ ಕೊಟ್ಟೇ ಕೊಟ್ಟರು. ಒಬ್ಬರು ಕೈ ಹಿಂದಕ್ಕೆ ತೆಗೆದರು, ಒಬ್ಬರು ಕೈಮೇಲೆ ಕೈಯಿಟ್ಟರು. ಎರಡೂ ಸಹಾಯವೇ, ಏಕೆಂದರೆ ಕೊನೆಯಲ್ಲಿ ಕೆಲಸ ಮಗುವಿನದಾಗಿಯೇ ಉಳಿಯಿತು. ನಾವು ಮುಟ್ಟಿದ ಮೇಲೆ ಚೀಲ ನಮ್ಮದಾಯಿತು.

ಮನೆ ಕಟ್ಟುತ್ತಲೇ ಮನುಷ್ಯ ಮನೆ ಕಟ್ಟುವವನಾಗುತ್ತಾನೆ, ನ್ಯಾಯವಾಗಿ ನಡೆಯುತ್ತಲೇ ನ್ಯಾಯವಂತನಾಗುತ್ತಾನೆ ಎಂಬುದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ವಿಚಾರ. ಮತ್ತಾಯನ ಶುಭಸಂದೇಶದಲ್ಲಿ ಊರಿನವರು ಯೇಸುವನ್ನು ಬಡಗಿಯ ಮಗ ಎನ್ನುತ್ತಾರೆ. ಮಾರ್ಕನ ಶುಭಸಂದೇಶದಲ್ಲಿ ಬಡಗಿ ಎಂದೇ ಕರೆಯುತ್ತಾರೆ. ಬಡಗಿಯ ಮಗ ಬಡಗಿಯಾಗಬೇಕಾದರೆ ಎಂದಾದರೂ ಉಳಿ ಅಪ್ಪನ ಕೈಯಿಂದ ಮಗನ ಕೈಗೆ ಬರಲೇಬೇಕು.

ಇದು ಮಕ್ಕಳ ಮಾತಷ್ಟೇ ಅಲ್ಲ. ನಮ್ಮ ದೇವಾಲಯದಲ್ಲಿ ಕನ್ನಡ ಬಲಿಪೂಜೆಯ ವಾಚನವನ್ನು ವರ್ಷಗಳಿಂದ ಅದೇ ಒಬ್ಬಿಬ್ಬರು ಹಿರಿಯರು ಓದುತ್ತಿದ್ದೇವೆ. ಶಾಲೆಯಲ್ಲಿ ಕನ್ನಡ ಕಲಿಯದ ಯುವಕ ಯುವತಿಯರು ತಡವರಿಸುತ್ತಾರೆಂದು ಅವರಿಗೆ ಕೊಡುವುದಿಲ್ಲ. ಓದು ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ನಮ್ಮ ಕಾಲ ಮುಗಿದ ಮೇಲೆ ಆ ಪೀಠದಿಂದ ಕನ್ನಡ ಓದುವವರು ಯಾರು? ಅವರ ಕನ್ನಡ ಎಲ್ಲಿ ಎಂದು ಆಗ ಯಾರನ್ನು ಕೇಳುವುದು?

ಆ ಹುಡುಗಿಯ ಬಳಿ ತಪ್ಪಾಯಿತು ಎಂದೆವು. "ಪರವಾಗಿಲ್ಲ ಅಕ್ಕಾ" ಎಂದಳು. ಬಿಚ್ಚಿದ ಹೊಲಿಗೆಯನ್ನು ಮರಳಿ ಕೊಡಲು ನಮ್ಮಿಂದಾಗದು. ಹೊಸ ಬಟ್ಟೆ, ಸೂಜಿ, ದಾರ ಕೊಟ್ಟಿದ್ದೇವೆ. ಹೊಲಿಯುತ್ತಿದ್ದಾಳೆ.

ಮುಂದಿನ ತಿಂಗಳಿಂದ ಮೊದಲ ವಾಚನವನ್ನು ಯುವಜನರಿಗೆ ಬಿಟ್ಟುಕೊಡೋಣವೆಂದು ಗುರುಗಳನ್ನು ಕೇಳಿಕೊಂಡಿದ್ದೇವೆ. ಶನಿವಾರ ಸಂಜೆ ನಾವು ಅವರೊಂದಿಗೆ ಕೂತು ಓದಿಸುತ್ತೇವೆ. ಭಾನುವಾರ ಅವರು ಒಂದು ಪದಕ್ಕೆ ನಿಂತರೆ, ದಯವಿಟ್ಟು ಯಾರೂ ಕೂತಲ್ಲಿಂದ ಹೇಳಿಕೊಡಬೇಡಿ. ಸ್ವಲ್ಪ ಕಾಯೋಣ.