ಮೌನವು ಸಮ್ಮತಿಯಲ್ಲ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಬಿಗಿದ ಹಗ್ಗ, ಎದ್ದ ಬಾಸುಂಡೆ, ಕೊಯ್ದ ಅಂಗ, ಬರಿದಾದ ಗೋದಲಿ ಇವು ಕಣ್ಣಿಗೆ ಕಾಣುತ್ತವೆ. ಆದರೆ ಭಾರವು ಅತಿಭಾರವಾದುದು ಯಾವಾಗ ಎಂಬುದನ್ನು ಬಲ್ಲುದು ಹೊರುವ ಪ್ರಾಣಿಯೊಂದೇ, ಅದಕ್ಕೆ ಮಾತಿಲ್ಲ.

ಕುದುರೆಯ ವಿಷಯದಲ್ಲಿ ಈ ಕಷ್ಟವು ಇಮ್ಮಡಿಯಾಗುತ್ತದೆ. ಅದು ಬಯಲಿನಲ್ಲಿ ಹಿಂಡಾಗಿ ಬಾಳಿ, ಕ್ರೂರಮೃಗಗಳ ಬೇಟೆಗೆ ಗುರಿಯಾಗುತ್ತಿದ್ದ ಪ್ರಾಣಿ. ಕುಂಟುವುದು ಮೊದಲು ಮೃಗದ ಕಣ್ಣಿಗೆ ಬೀಳುವುದರಿಂದ ನೋವನ್ನು ಮರೆಮಾಚುವುದು ಅದರ ಹುಟ್ಟುಗುಣ. ಮುಂಗಾಲೆರಡೂ ಸಮನಾಗಿ ನೊಂದರೆ ಕುಂಟು ಎದ್ದು ಕಾಣದು. ಹೆಜ್ಜೆ ಗಿಡ್ಡವಾಗುತ್ತದೆ, ಅಷ್ಟೆ. ಮೈ ಮಿರುಗುತ್ತದೆ, ಮೇವು ತಿನ್ನುತ್ತದೆ. ಒಡೆಯನು ಸ್ವಸ್ಥವೆಂದೇ ನಂಬುತ್ತಾನೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಡೆಯರು ಸ್ವಸ್ಥವೆಂದು ತಿಳಿದು ಸವಾರಿಗೆ ಬಳಸುತ್ತಿದ್ದ 506 ಕುದುರೆಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟರ ನಡೆಯಲ್ಲಿ ದೋಷ ಕಂಡುಬಂದಿತು.

ಹಾಗಾದರೆ ತಿಳಿಯುವ ದಾರಿಯೇ ಇಲ್ಲವೆ? ಇದೆ. ಅದೇ ವರ್ಷ ಮುಖಭಾವದಿಂದ ನೋವನ್ನು ಅಳೆಯುವ ಕ್ರಮವೊಂದು ಹೊರಬಂದಿತು. ಅದರಲ್ಲಿ ಆರು ಗುರುತುಗಳು: ಹಿಂದಕ್ಕೆ ಸೆಟೆದ ಕಿವಿ, ಕಿರಿದಾದ ಕಣ್ಣು, ಕಣ್ಣಿನ ಮೇಲ್ಭಾಗದ ಬಿಗುಪು, ಉಬ್ಬಿದ ದವಡೆಯ ಸ್ನಾಯು, ಬಿಗಿದ ಬಾಯಿ, ಬಿಗಿದ ಮೂಗಿನ ಹೊಳ್ಳೆ. 2018ರಲ್ಲಿ ಇಂಗ್ಲೆಂಡಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು ಸವಾರಿಯ ವೇಳೆ ಗಮನಿಸಬೇಕಾದ 24 ವರ್ತನೆಗಳನ್ನು ಪಟ್ಟಿಮಾಡಿದರು. ಅವುಗಳಲ್ಲಿ 8 ಅಥವಾ ಹೆಚ್ಚು ಕಂಡರೆ ನೋವಿನ ಶಂಕೆ ಬಲವಾಗುತ್ತದೆ. ನೊಂದ ಭಾಗವನ್ನು ಮದ್ದಿನಿಂದ ಮರಗಟ್ಟಿಸಿದಾಗ ಆ ವರ್ತನೆಗಳು ತಗ್ಗಿದವು. ಹಟಮಾರಿಯೆಂದು ಛಡಿಯೇಟು ತಿನ್ನುವ ಎಷ್ಟೋ ಕುದುರೆಗಳು ಹಟ ಮಾಡುತ್ತಿರುವುದಿಲ್ಲ. ತಮ್ಮ ವೇದನೆಯನ್ನು ನಿವೇದಿಸುತ್ತಿರುತ್ತವೆ.

ಒಂದು ಗುರುತಿನಿಂದ ನಿಶ್ಚಯವಾಗದು. ಭಯದಿಂದಲೂ ಸಿಟ್ಟಿನಿಂದಲೂ ಕಿವಿ ಹಿಂದೆ ಸರಿದೀತು. ಛದ್ಮಸ್ಥನಾದ ಮನುಷ್ಯನು ಪರರ ವೇದನೆಯನ್ನು ನೇರವಾಗಿ ಕಾಣಲಾರ; ಹೊಗೆಯಿಂದ ಬೆಂಕಿಯನ್ನು ಅರಿಯುವಂತೆ ಅನುಮಾನದಿಂದ ಅರಿಯಬೇಕು. ಇಲ್ಲಿ ತೀರ್ಪು ಕೊಡುವವನೇ ಸವಾರಿಯ ಆಸೆಯುಳ್ಳವನು. ಆದುದರಿಂದ ಸಂದೇಹದ ಲಾಭ ಪ್ರಾಣಿಗೆ ಸಲ್ಲತಕ್ಕದ್ದು. ತಪ್ಪಾಗಿ ವಿಶ್ರಾಂತಿ ಕೊಟ್ಟರೆ ಒಂದು ದಿನದ ಕೆಲಸ ಕೆಟ್ಟೀತು. ತಪ್ಪಾಗಿ ಹತ್ತಿದರೆ ನೋವಿನ ಮೇಲೆ ನೋವು. ಎಷ್ಟು ನೋಡಿದರೂ ತಿಳಿಯದೆಹೋದುದು ಬೇರೆ, ತಿಳಿಯಬಹುದಾಗಿದ್ದೂ ನೋಡದಿದ್ದುದು ಬೇರೆ. ಎರಡನೆಯದು ಪ್ರಮಾದ, ಹಿಂಸೆಯ ಬೇರು ಅದೇ.

ಉಪವಾಸ ಕೈಗೊಂಡ ಶ್ರಾವಕನೂ ಹಸಿವನ್ನು ಮೌನದಿಂದ ಸಹಿಸುತ್ತಾನೆ. ಆದರೆ ಅವನ ಸಹನೆಗೆ ಸಂಕಲ್ಪವಿದೆ, ಪಾರಣೆಯ ಹೊತ್ತು ಗೊತ್ತಿದೆ. ಕುದುರೆಗೆ ಸಂಕಲ್ಪವೂ ಇಲ್ಲ, ಪಾರಣೆಯೂ ಇಲ್ಲ. ಅದರ ಮೌನವನ್ನು ಸಮ್ಮತಿಯೆಂದು ಎಣಿಸಿದವನು ತನ್ನ ಸುಖಕ್ಕಾಗಿ ಪರರ ಮೇಲೆ ತಪಸ್ಸನ್ನು ಹೇರಿದಂತೆ. ಕುದುರೆಯಿಲ್ಲದ ಮನೆಯ ಕೊಟ್ಟಿಗೆಯಲ್ಲಿ ಎತ್ತು ಇದ್ದೀತು, ಆಕಳಿದ್ದೀತು. ಜೀನು ಬಿಗಿಯುವ ಮೊದಲು, ನೊಗ ಹೂಡುವ ಮೊದಲು, ಅದರ ಮುಖವನ್ನು ಕ್ಷಣಕಾಲ ನಿಂತು ನೋಡುವುದೂ ವ್ರತಪಾಲನೆಯೇ.